ಪುಣ್ಯದ ಸೈಕಲ್ಲಿಗೆ ಗಾಳಿ ಇಲ್ಲ

ಗುರುವಾರ ಬಂತೆಂದರೆ ಬೆಮಾನಲಿಗೆ ಬೆಳಗಿನಿಂದಲೇ ತಲೆ ಸಿಡಿಯುತ್ತಿತ್ತು. ಉಳಿದ ದಿನಗಳಲ್ಲಿ ಅವನ ಪ್ರಾಣ ತಿನ್ನುವವರು ವಿದ್ಯಾರ್ಥಿಗಳು ಮಾತ್ರ. ಗುರುವಾರವಾದರೆ ಸತ್ತವರ ಕಡೆಯವರೂ ಬರುತ್ತಿದ್ದರು.

ಯಜ್ದ್ ಪಟ್ಟಣದ ವಿಶ್ವವಿದ್ಯಾಲಯವನ್ನು ಊರಿನಾಚೆ, ಮರಳು ಶುರುವಾಗುವ ಕಡೆ ಕಟ್ಟಿಸಿದ ಮಹಾನುಭಾವರು ಬಸ್ಸಿನ ವಿಷಯ ಮರೆತೇಬಿಟ್ಟಿದ್ದರು. ಬಸ್ಸು ಮನಸ್ಸು ಬಂದಾಗ ಬರುತ್ತಿತ್ತು, ಬಂದರೂ ತುಂಬಿಕೊಂಡು ಬರುತ್ತಿತ್ತು. ಓದುವ ಮಕ್ಕಳು ಬಿಸಿಲಲ್ಲಿ ನಡೆದು ಬೆಂದು ಹೋಗುತ್ತಿದ್ದರು. ಅದೇ ಹೊತ್ತಿಗೆ ರೇಷ್ಮೆ ಬಟ್ಟೆಯ ದೊಡ್ಡ ವ್ಯಾಪಾರಿ ಹಾಜಿ ಖಲೀಲ್ ತೀರಿಕೊಂಡ. ಅಪ್ಪನ ಹೆಸರಿನಲ್ಲಿ ಮಸೀದಿಗೆ ರತ್ನಗಂಬಳಿ ಕೊಡುವುದು ಹಳೆಯದಾಯಿತು ಎಂದು ಅವನ ಮಕ್ಕಳು ಹೊಸದೊಂದು ಯೋಚನೆ ಮಾಡಿ, ಒಂದು ಸೈಕಲ್ಲನ್ನು ವಿದ್ಯಾರ್ಥಿಗಳಿಗಾಗಿ ವಕ್ಫ್ ಮಾಡಿದರು, ಅಂದರೆ ದೇವರ ಹೆಸರಿನಲ್ಲಿ ಶಾಶ್ವತವಾಗಿ ಬಿಟ್ಟುಕೊಟ್ಟರು. ಅದರ ನಡುವಿನ ಕೊಳವೆಗೆ ಒಂದು ಹಿತ್ತಾಳೆ ಪಟ್ಟಿ ಬಿಗಿಸಿ, 'ಹಾಜಿ ಖಲೀಲರ ಆತ್ಮಕ್ಕಾಗಿ; ಹತ್ತುವವರು ಒಂದು ಫಾತಿಹಾ ಓದಿ' ಎಂದು ಕೆತ್ತಿಸಿದರು. ಊರಿಗೆ ಊರೇ ತಲೆದೂಗಿತು. ಮಸೀದಿಯ ರತ್ನಗಂಬಳಿಯ ಮೇಲೆ ಕೂತವರು ಅದನ್ನು ಕೊಟ್ಟವನನ್ನು ನೆನೆಯುತ್ತಾರೆಯೇ? ಸೈಕಲ್ಲಾದರೆ ಹತ್ತಿದಾಗಲೆಲ್ಲ ಸತ್ತವನ ಹೆಸರಿಗೆ ಒಂದು ಫಾತಿಹಾ ಪ್ರಾರ್ಥನೆ ಖಾತ್ರಿ. ಆಮೇಲೆ ಕೇಳಬೇಕೆ! ಯಾರ ಮನೆಯಲ್ಲಿ ಯಾರು ಕಣ್ಣು ಮುಚ್ಚಿದರೂ ಸರಿ, ನಲವತ್ತನೆಯ ದಿನ ಕಳೆಯುವುದರೊಳಗೆ ವಿಶ್ವವಿದ್ಯಾಲಯದ ಬಾಗಿಲಿಗೆ ಒಂದು ಸೈಕಲ್ಲು ಬಂದು ನಿಲ್ಲುತ್ತಿತ್ತು.

ಹೆಬ್ಬಾಗಿಲಿನ ಪಕ್ಕದ ಉದ್ದನೆಯ ತಗಡಿನ ಚಪ್ಪರದ ಕೆಳಗೆ ಅವುಗಳನ್ನೆಲ್ಲ ಕಾಯುವವನು ಬೆಮಾನಲಿ. ಬೀಗದ ಕೈ ಕೊಡುವವನು, ರಿಪೇರಿ ಮಾಡುವವನು, ಎಲ್ಲರಿಂದ ಬೈಸಿಕೊಳ್ಳುವವನು, ಮೂರೂ ಅವನೇ. ಅವನಿಗಿಂತ ಮುಂಚೆ ಹುಟ್ಟಿದ ಮಕ್ಕಳೊಂದೂ ಉಳಿಯಲಿಲ್ಲವೆಂದು, ಇವನಾದರೂ ಉಳಿಯಲಿ ಎಂಬ ಆಸೆಗೆ ತಾಯಿ ಇಟ್ಟ ಹೆಸರು ಅದು; ಬೆಮಾನ್ ಅಂದರೆ ಅವರ ಮಾತಿನಲ್ಲಿ ಉಳಿ ಎಂದು. ಉಳಿದ. ಬಜಾರಿನ ಸೈಕಲ್ ಅಂಗಡಿಯೊಂದರಲ್ಲಿ ಹರೆಯವೆಲ್ಲ ಸವೆಸಿದ. ಮೋಟಾರ್ ಬೈಕುಗಳು ಬಂದು ಆ ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದ. ಸಿಡುಕ ಎಂದು ಹೆಸರಾಗಿದ್ದ. ಆದರೆ ಅವನ ಜಾಗದಲ್ಲಿ ಯಾವ ಸಂತನನ್ನು ಕೂರಿಸಿದರೂ ಒಂದೇ ತಿಂಗಳಿಗೆ ಸಿಡುಕನಾಗುತ್ತಿದ್ದ.

ಯಾಕೆಂದರೆ ವಕ್ಫ್ ಆದ ವಸ್ತುವನ್ನು ಮಾರುವಂತಿಲ್ಲ, ಎಸೆಯುವಂತಿಲ್ಲ. ರಿಮ್ಮು ಬೆಂಡಾಗಲಿ, ಫೋರ್ಕು ಮುರಿಯಲಿ, ಸೀಟು ಕಿತ್ತು ಬರಲಿ, ಅದು ಅಲ್ಲೇ ಇರಬೇಕು. ಅದರ ಮೇಲೆ ಈ ಗುರುವಾರದ ಕಾಟ. ಬೇರೆಯವರು ಗುರುವಾರ ಸಂಜೆ ಗೋರಿಗೆ ಹೋಗಿ ಬರುತ್ತಾರೆ. ಇವರು ಗೋರಿ ಮುಗಿಸಿಕೊಂಡು, ಹಲ್ವಾದ ತಟ್ಟೆ ಹಿಡಿದು, ಸೈಕಲ್ಲನ್ನು ವಿಚಾರಿಸಿಕೊಳ್ಳಲು ಬರುತ್ತಿದ್ದರು. ಮದರಂಗಿ ಗಿರಣಿಯ ಮಿರ್ಜಾ ನಸ್ರುಲ್ಲಾನ ಹೆಂಡತಿ ಕೊಕಬ್ ಖಾನಂ, ಮುದುಕಿ, ಪನ್ನೀರಿನ ಸೀಸೆ ತಂದು ಗಂಡನ ಸೈಕಲ್ಲಿನ ಸೀಟನ್ನು ಒರೆಸುತ್ತಿದ್ದಳು. ಸೀಟು ನೆನೆದು ಆಮೇಲೆ ಹತ್ತಿದವನ ಪ್ಯಾಂಟು ಒದ್ದೆಯಾಗುತ್ತಿತ್ತು. ಅದಕ್ಕೂ ಬೈಗುಳ ಬೆಮಾನಲಿಗೇ.

ಹಾಜಿ ಖಲೀಲನ ಹಿರಿಯ ಮಗ ಅತಾವುಲ್ಲಾ ಕೈ ಬೆನ್ನಿಗೆ ಕಟ್ಟಿಕೊಂಡು ಚಪ್ಪರದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಒಂದು ಗುರುವಾರ ಅವನು ನೇರವಾಗಿ ಬಂದು ಕೇಳಿದ:

"ಏನಯ್ಯ ಬೆಮಾನಲಿ, ನಮ್ಮಪ್ಪನ ಸೈಕಲ್ಲನ್ನ ಹುಡುಗಿಗೆ ಕೊಡ್ತಿದ್ದೀಯಂತೆ?"

"ಪರಸ್ತೂ ಅಂತ, ನರ್ಸಿಂಗ್ ಓದೋ ಮಗು. ಹಾಸ್ಟೆಲ್ ದೂರ. ಅವಳೂ ವಿದ್ಯಾರ್ಥಿನಿ ತಾನೆ?"

"ನಮ್ಮಪ್ಪ ಬದುಕಿದ್ದಾಗ ಪರಹೆಂಗಸಿನ ಮುಖ ಎತ್ತಿ ನೋಡಿದವರಲ್ಲ ಕಣಯ್ಯ!"

"ಈಗಲೂ ಎಲ್ಲಿ ನೋಡ್ತಾರೆ ಸಾಹುಕಾರ್ರೇ? ಆ ಹುಡುಗಿ ನೋಡೋದು ರಸ್ತೇನ. ಫಾತಿಹಾ ಮಾತ್ರ ತಪ್ಪದೆ ಓದ್ತಾಳೆ. ಗಂಡುಹುಡುಗ್ರು ಅರ್ಧ ನುಂಗ್ತಾರೆ."

ಫಾತಿಹಾದ ಮಾತು ಬಂದಕೂಡಲೇ ಅತಾವುಲ್ಲಾ ಮೆತ್ತಗಾದ. ಹಲ್ವಾ ಕೊಟ್ಟು ಹೋದ. ಬೆಮಾನಲಿ ಹಲ್ವಾ ತಿಂದು ತಿಂದು ಸಕ್ಕರೆ ಕಾಯಿಲೆ ಬರಿಸಿಕೊಂಡಿದ್ದ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಗಾಳಿಯ ವಿಷಯ. ಊರಿನಿಂದ ವಿಶ್ವವಿದ್ಯಾಲಯದ ದಾರಿಯುದ್ದಕ್ಕೂ ಒಂಟೆಮುಳ್ಳು ಬೆಳೆದಿದೆ. ಗಾಳಿ ಬೀಸಿದರೆ ಮುಳ್ಳೆಲ್ಲ ರಸ್ತೆಗೆ. ಪಂಕ್ಚರ್ ಆಗದ ದಿನವೇ ಇಲ್ಲ. ಸಾಲು ಸಾಲು ಸೈಕಲ್ಲು ನಿಂತಿವೆ, ಅವಕ್ಕೆ ಗಾಳಿ ಹೊಡೆಯಲು ನೆಟ್ಟಗಿರುವ ಒಂದು ಪಂಪಿಲ್ಲ! ಇದ್ದ ಒಂದು ಹಳೆಯ ಪಂಪಿನ ಚರ್ಮದ ವಾಷರ್ ಸವೆದು, ಬೆಮಾನಲಿ ತನ್ನ ಹಳೆ ಬೂಟಿನ ನಾಲಿಗೆಯನ್ನೇ ಕತ್ತರಿಸಿ ಅದಕ್ಕೆ ತೊಡಿಸಿದ್ದ. ಹತ್ತು ಸಲ ಒತ್ತಿದರೆ ಒಂದು ಸಲದ ಗಾಳಿ ಒಳಗೆ ಹೋಗುತ್ತಿತ್ತು. ತನ್ನ ಸಂಬಳದಲ್ಲಿ ಸಣ್ಣ ಪಂಪುಗಳನ್ನು ಕೊಂಡು ಇಟ್ಟದ್ದೂ ಉಂಟು. ಹಾಸ್ಟೆಲ್ಲಿನ ಹುಡುಗರು "ಈಗ ತಂದ್ಕೊಡ್ತೀವಿ ಅಮೂ" ಎಂದು ತೆಗೆದುಕೊಂಡು ಹೋದರು. ಅವನನ್ನು ಎಲ್ಲರೂ ಅಮೂ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದದ್ದು. ಚಿಕ್ಕಪ್ಪನ ಪಂಪು ವಾಪಸ್ ಬರಲಿಲ್ಲ. ಇನ್ನು ನನ್ನ ಜೇಬಿನಿಂದ ಬಿಡಿಗಾಸು ಇಲ್ಲ ಎಂದು ಅವನು ಹಟ ಹಿಡಿದ.

ಕಚೇರಿಗೆ ಹೋಗಿ ಕೇಳಿದರೆ, "ವಕ್ಫ್ ಆಸ್ತಿ ನಮ್ಮದಲ್ಲ, ದಾನಿಗಳನ್ನು ಕೇಳು" ಎಂದರು. ದಾನಿಗಳನ್ನು ಕೇಳಿದರೆ, "ಪಂಪು, ಸ್ಪ್ಯಾನರ್ ಎಲ್ಲ ವಿಶ್ವವಿದ್ಯಾಲಯದ್ದು, ಕಚೇರೀಲಿ ಕೇಳು" ಎಂದರು. ಈ ಎರಡು ಬಾಗಿಲುಗಳ ನಡುವೆ ಅಲೆದು ಬೆಮಾನಲಿಯ ಚಪ್ಪಲಿ ಸವೆಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಪರಸ್ತೂ ಏದುಸಿರು ಬಿಡುತ್ತ ಓಡಿ ಬಂದಳು. ಊರಿನ ಆಸ್ಪತ್ರೆಯಲ್ಲಿ ಅವಳಿಗೆ ಪ್ರಾಯೋಗಿಕ ಪರೀಕ್ಷೆ. ಹಾಜಿ ಖಲೀಲನ ಹಿಂದಿನ ಚಕ್ರದಲ್ಲಿ ಉಸಿರಿಲ್ಲ, ಟ್ಯೂಬು ಚಿಂದಿ. ಪಕ್ಕದಲ್ಲಿದ್ದ ಮಿರ್ಜಾ ನಸ್ರುಲ್ಲಾನಿಗೆ ಚೈನು ತುಂಡಾಗಿತ್ತು, ಆದರೆ ಹಿಂದಿನ ಚಕ್ರ ಗಟ್ಟಿ. ಬೆಮಾನಲಿ ಹಿಂದೆ ಮುಂದೆ ಯೋಚಿಸಲಿಲ್ಲ. ಮಿರ್ಜಾನ ಚಕ್ರ ಬಿಚ್ಚಿ ಹಾಜಿಗೆ ಹಾಕಿ, "ಹೋಗು ಮಗಾ" ಎಂದ. ಹುಡುಗಿ ಪರೀಕ್ಷೆ ಮುಗಿಸಿದಳು, ಪಾಸೂ ಆದಳು. ಇವನ ತಲೆಯ ಮೇಲೆ ಮಾತ್ರ ಕಲ್ಲು ಬಿತ್ತು.

ಹಾಜಿ ಖಲೀಲ್ ಮತ್ತು ಮಿರ್ಜಾ ನಸ್ರುಲ್ಲಾ ಬದುಕಿದ್ದಾಗ ಎಣ್ಣೆ ಸೀಗೆಕಾಯಿ. ನೆಲದಡಿಯ ಸುರಂಗದಲ್ಲಿ ಹೊಲಕ್ಕೆ ಹರಿದು ಬರುವ ನೀರಿನ ಪಾಳಿಯ ಮೇಲೆ ಹುಟ್ಟಿದ ಜಗಳ ಇಬ್ಬರೂ ಮಣ್ಣಾಗುವ ತನಕ ತೀರಲಿಲ್ಲ. ಮುಂದಿನ ಗುರುವಾರ ಕೊಕಬ್ ಖಾನಂ ಪನ್ನೀರಿನ ಸೀಸೆ ಹಿಡಿದು ಬಂದವಳು, ಗಂಡನ ಚಕ್ರದ ಕಡ್ಡಿಗೆ ತಾನೇ ಕಟ್ಟಿದ್ದ ಹಸಿರು ದಾರವನ್ನು ಹಾಜಿಯ ಸೈಕಲ್ಲಿನಲ್ಲಿ ಕಂಡಳು. ಸೀಸೆ ಕೈಯಿಂದ ಜಾರಿತು.

"ಅಯ್ಯೋ ನನ್ನ ತಲೆಗೆ ಮಣ್ಣು ಬೀಳ! ನನ್ನ ಗಂಡನ ಚಕ್ರ ತೆಗೆದು ಆ ನೀರುಗಳ್ಳನಿಗೆ ಹಾಕಿದ್ದೀಯಲ್ಲೋ ಪಾಪಿ!"

"ನೀರುಗಳ್ಳ ಅಂತ ಯಾರಿಗೆ ಹೇಳ್ತಿದ್ದೀರಾ ಅಮ್ಮಾ?" ಅತಾವುಲ್ಲಾ ಅತ್ತಕಡೆಯಿಂದ ದಾಪುಗಾಲು ಹಾಕಿಕೊಂಡು ಬಂದ.

"ನಿಮ್ಮಪ್ಪನಿಗೆ! ಬದುಕಿದ್ದಾಗ ನೀರು ಕದ್ದ, ಸತ್ತ ಮೇಲೆ ಚಕ್ರ!"

"ನಮಗೇನೂ ನಿಮ್ಮ ಚಕ್ರ ಬೇಡ. ಬೆಮಾನಲಿ, ಈಗಲೇ ಬಿಚ್ಚು. ಆ ಗಿರಣಿಯವನ ಚಕ್ರದ ಮೇಲೆ ನಮ್ಮಪ್ಪ ಉರುಳಬೇಕಾ?"

"ಹೌದೋ, ಈ ವಾರವೆಲ್ಲ ಓದಿದ ಫಾತಿಹಾ ಯಾರಿಗೆ ಸೇರ್ತು? ಅದನ್ನ ಹೇಳು ಮೊದಲು!" ಎಂದು ಮುದುಕಿ ಬೆಮಾನಲಿಯ ಅಂಗಿ ಹಿಡಿದಳು.

ಕೊನೆಗೆ ವಿಶ್ವವಿದ್ಯಾಲಯದ ಮಸೀದಿಯಲ್ಲಿ ನಮಾಜು ಮಾಡಿಸುವ ಯುವ ಮುಲ್ಲಾ, ಎಲ್ಲರೂ ಹಾಜ್ ಆಗಾ ಎನ್ನುವವನು, ಗಲಾಟೆ ಕೇಳಿ ಬಂದ. ಎರಡೂ ಕಡೆಯ ಮಾತು ಕೇಳಿ ಹಣೆ ಒತ್ತಿಕೊಂಡು, "ಮುಂದಿನ ಚಕ್ರ ಹಾಜಿಯವರದು, ಹಿಂದಿನದು ಮಿರ್ಜಾ ಅವರದು. ಹಂಚೋದು ದೇವರಿಗೆ ಗೊತ್ತು. ನೀವು ಮನೆಗೆ ಹೋಗಿ" ಎಂದ. ಅವರು ಹೋದರು. ಆದರೆ ಕಚೇರಿಗೆ ದೂರು ಹೋಯಿತು. ಇನ್ನುಮುಂದೆ ಒಬ್ಬರ ಸೈಕಲ್ಲಿನ ಒಂದು ನಟ್ಟೂ ಇನ್ನೊಬ್ಬರದಕ್ಕೆ ಹೋಗಕೂಡದು ಎಂದು ಅಪ್ಪಣೆಯಾಯಿತು. ಅದೇ ವಾರ ಹಳೆಯ ಪಂಪಿನ ಕೊಳವೆಯೂ ಸೀಳಿ, ಬೂಟಿನ ನಾಲಿಗೆ ಹೊರಗೆ ಬಂದು, ಅದು ಕಣ್ಣು ಮುಚ್ಚಿತು.

ಒಂದೊಂದಾಗಿ ಸೈಕಲ್ಲುಗಳು ಗೋಡೆಗೆ ಒರಗತೊಡಗಿದವು. ಟೈರು ನೆಲಕ್ಕೆ ಚಪ್ಪಟೆ, ಹ್ಯಾಂಡಲ್ಲು ಒಂದು ಕಡೆ ವಾಲಿಕೊಂಡು. ವಿದ್ಯಾರ್ಥಿಗಳು ಬಂದು ನೋಡಿ, "ಏನಮೂ ಇದು, ಇಷ್ಟು ಸೈಕಲ್ಲಿದ್ದೂ ನಡೀಬೇಕಾ?" ಎಂದು ಗೊಣಗಿ ನಡೆದೇ ಹೋದರು. ಬೆಮಾನಲಿ ನಾಚಿಕೆ ಬಿಟ್ಟು ಗುರುವಾರ ಬಂದವರನ್ನೆಲ್ಲ ಬೇಡಿದ. ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸುವ, ಯಾರೂ ಹೊತ್ತುಕೊಂಡು ಹೋಗಲಾಗದ, ಅಂಗಡಿಯವರು ಇಟ್ಟುಕೊಳ್ಳುವಂಥ ಕಬ್ಬಿಣದ ದೊಡ್ಡ ಪಂಪು ಒಂದು, ಜೊತೆಗೆ ಸ್ವಲ್ಪ ಟ್ಯೂಬು, ತೇಪೆ, ಅದನ್ನು ಅಂಟಿಸುವ ಸೊಲ್ಯೂಷನ್ನು. ಎಲ್ಲ ಸೇರಿ ಒಂದು ಸೈಕಲ್ಲಿನ ಬೆಲೆ, ಅಷ್ಟೇ.

"ಪಂಪಿಗೆ ಅಪ್ಪನ ಹೆಸರು ಹಾಕ್ಸಿದ್ರೆ ಜನ ಏನಂತಾರೆ?" ಎಂದ ಅತಾವುಲ್ಲಾ. "ಹಾಜಿ ಖಲೀಲ್ ಮಕ್ಕಳು ಗಾಳಿ ಕೊಟ್ಟು ಕೈ ತೊಳ್ಕೊಂಡ್ರು ಅಂತಾರೆ. ಬೇಕಿದ್ರೆ ಅಪ್ಪನ ಹೆಸರಲ್ಲಿ ಇನ್ನೊಂದು ಸೈಕಲ್ ಕೊಡ್ತೀನಿ."

"ಬೇಡ!"

"ಗೇರ್ ಇರೋದು ಕೊಡ್ತೀನಿ."

"ಬೇಡ ಸಾಹುಕಾರ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಸೈಕಲ್ಲು ಬೇಡ!"

ಅದು ಕೊಕಬ್ ಖಾನಂ ಕಿವಿಗೆ ಬಿತ್ತು. ಮುಂದಿನ ಗುರುವಾರ ಅವಳೇ ಗೇರ್ ಇರುವ ಸೈಕಲ್ಲು ತಂದು ನಿಲ್ಲಿಸಿದಳು. ಅದಕ್ಕೂ ಎರಡೇ ದಿನದಲ್ಲಿ ಮುಳ್ಳು ಚುಚ್ಚಿತು.

ಮನೆಗೆ ಬಂದರೆ ಅಲ್ಲೂ ಸೈಕಲ್ಲಿನ ಮಾತೇ. ಬೆಮಾನಲಿಯ ಹೆಂಡತಿ ಶೌಕತ್ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಮನೆಯಲ್ಲಿ ಈಗ ಅವನು, ಮಗಳು ರೆಜ್ವಾನ್ ಇಬ್ಬರೇ. ರೆಜ್ವಾನ್ ಮಿಠಾಯಿ ಅಂಗಡಿಯಲ್ಲಿ ಕೂತು ಬಾದಾಮಿ ಕಜ್ಜಾಯವನ್ನು ಸಕ್ಕರೆಯಲ್ಲಿ ಹೊರಳಿಸುವವಳು. ದಿನವಿಡೀ ಸಿಹಿಯ ನಡುವೆ ಇದ್ದೂ ಮಾತು ಅಪ್ಪನಷ್ಟೇ ಖಾರ. ಆ ಸಂಜೆ ಅವಳು ಬೀಟ್ರೂಟಿನ ಬಿಸಿ ಗಂಜಿಯನ್ನು ಬಟ್ಟಲಿಗೆ ಸುರಿಯುತ್ತ ಹೇಳಿದಳು:

"ಅಪ್ಪಾ, ದುಡ್ಡು ಸೇರ್ಸಿದ್ದೀನಿ. ಅಮ್ಮನ ವರ್ಷಕ್ಕೆ ಒಂದು ಸೈಕಲ್ ಕೊಡೋಣ."

ಬೆಮಾನಲಿ ಚಮಚ ಕೆಳಗಿಟ್ಟ. "ಸೈಕಲ್ಲು ಅನ್ನೋ ಮಾತು ಈ ಮನೇಲಿ ಎತ್ತಬೇಡ."

"ಊರಲ್ಲಿರೋ ಎಲ್ಲಾ ಸತ್ತವರಿಗೂ ನಿನ್ನ ಚಪ್ಪರದಲ್ಲಿ ಸೈಕಲ್ಲಿದೆ. ನೀರು ಕದ್ದವರಿಗೂ ಇದೆ. ಸೈಕಲ್ ಕಾಯೋನ ಹೆಂಡ್ತಿಗೇ ಇಲ್ಲ. ನನ್ನಮ್ಮ ಒಬ್ಬಳೇ ಅಲ್ಲಿ ಬರಿಗೈಲಿ ಕೂತಿದ್ದಾಳೆ ಅಂತ ನಂಗೆ ಊಟ ಸೇರಲ್ಲ ಅಪ್ಪಾ."

"ಫಾತಿಹಾ ನೀನು ಓದು, ನಾನು ಓದ್ತೀನಿ, ಸಾಲದಾ?"

"ನೀನು ಓದೋದು ಜಗಳ ಆಡೋ ಹಾಗಿರುತ್ತೆ. ಹೇಳು, ಯಾಕೆ ಬೇಡ? ಜಾಗ ಇಲ್ವಾ? ನಿನಗೆ ಕೆಲಸ ಜಾಸ್ತಿಯಾಗುತ್ತಾ?"

ಅವನಿಗೆ ರೇಗಿತು. ರೇಗಿದಾಗ ಮಾತ್ರ ಬೆಮಾನಲಿಯ ಬಾಯಿಂದ ನಿಜ ಬರುತ್ತಿತ್ತು. "ಒಂದು ವಾರ ಓಡುತ್ತೆ. ಆಮೇಲೆ ಮುಳ್ಳು ಚುಚ್ಚುತ್ತೆ. ಗಾಳಿ ಇರಲ್ಲ. ಗೋಡೆಗೆ ಒರಗಿಸ್ತೀನಿ. ಅವಳ ಹೆಸರು ಬರ್ಕೊಂಡು ಅದು ಉಸಿರಿಲ್ಲದೆ ಗೋಡೆಗೆ ಒರಗಿ ನಿಂತಿರೋದನ್ನ ನಾನು ದಿನಾ ನೋಡ್ಬೇಕು. ಒಂದ್ಸಲ ನೋಡಿದ್ದು ಸಾಕು ಕಣೇ."

ರೆಜ್ವಾನ್ ಗಂಜಿಯ ಪಾತ್ರೆ ಕೆಳಗಿಟ್ಟಳು. ಕೊನೆಯ ತಿಂಗಳುಗಳಲ್ಲಿ ಶೌಕತ್ ಮಲಗಲಾಗದೆ, ಗೋಡೆಗೆ ದಿಂಬು ಕೊಟ್ಟು ಒರಗಿ ಕೂತು, ಒಂದೊಂದು ಉಸಿರನ್ನೂ ಬಾವಿಯಿಂದ ನೀರು ಸೇದಿದಂತೆ ಸೇದುತ್ತಿದ್ದದ್ದನ್ನು ಇಬ್ಬರೂ ನೋಡಿದವರೇ. ಅಂಥ ಉಸಿರಿನಲ್ಲೂ ಅವಳು ಒಂದು ಅಭ್ಯಾಸ ಬಿಟ್ಟಿರಲಿಲ್ಲ. ಗಂಡ ಬೆಳಿಗ್ಗೆ ಸೈಕಲ್ ಹೊರಗೆ ತಂದರೆ, ತುಟಿಯಲ್ಲೇ ದೇವರ ಮಾತು ಓದಿ, ಅವನ ತಲೆಯಿಂದ ಚಕ್ರದವರೆಗೆ ಫೂ ಎಂದು ಊದಿ ಕಳಿಸುತ್ತಿದ್ದಳು, ದಾರಿಯಲ್ಲಿ ಕೇಡಾಗದಿರಲೆಂದು. ಆ ಊರಿನ ಹೆಂಗಸರೆಲ್ಲ ಹೊರಟವರಿಗೆ ಊದುತ್ತಾರೆ. ಆದರೆ ಆರೋಗ್ಯ ಇದ್ದ ಕಾಲಕ್ಕೆ ಶೌಕತ್ ಊದಿದರೆ ಎದುರುಮನೆಯ ಕೋಳಿ ಎದ್ದು ಕೂತುಕೊಳ್ಳುತ್ತಿತ್ತು. "ಸಾಕು ಬಿಡೇ, ಟೋಪಿ ಹಾರಿ ಹೋದೀತು" ಎಂದು ಬೆಮಾನಲಿ ದಿನವೂ ಸಿಡುಕಿಯೇ ಹೊರಡುತ್ತಿದ್ದ. ಕೊನೆಕೊನೆಗೆ ಕೂತಲ್ಲಿಂದಲೇ ಊದುತ್ತಿದ್ದಳು, ದೀಪವೂ ಆರದಷ್ಟು ಸಣ್ಣಗೆ. ಆಗ ಅವನು ಸಿಡುಕುವುದನ್ನು ನಿಲ್ಲಿಸಿದ. ನಿಲ್ಲಿಸಿದ್ದು ಶೌಕತ್‌ಗೆ ಇಷ್ಟವಾಗಲಿಲ್ಲ. "ಬೈಯ್ಯಿ, ಬೈದರೆ ಎಲ್ಲ ಸರಿಯಾಗಿದೆ ಅನ್ಸುತ್ತೆ" ಎಂದಿದ್ದಳು.

ಅಷ್ಟಕ್ಕೇ ರೆಜ್ವಾನ್ ಒಪ್ಪಿದಳು ಎಂದುಕೊಂಡರೆ ತಪ್ಪು. ಅವಳು ಅಪ್ಪನಿಗಿಂತ ಒಂದು ಕೈ ಮೇಲು. ವರ್ಷದ ದಿನ ಗುರುವಾರವೇ ಬಿದ್ದಿತ್ತು. ಬುಧವಾರ ಮಧ್ಯಾಹ್ನ ಅಂಗಡಿಯ ಹುಡುಗಿಯರ ಜೊತೆ ಒಂದು ನೀಲಿ ಸೈಕಲ್ಲು ತಳ್ಳಿಕೊಂಡು ಚಪ್ಪರಕ್ಕೆ ಬಂದೇಬಿಟ್ಟಳು. ಹೊಸ ಬುಟ್ಟಿ, ಹೊಸ ಗಂಟೆ, ಕೊಳವೆಗೆ ಹಿತ್ತಾಳೆ ಪಟ್ಟಿ. 'ಬೆಮಾನಲಿಯ ಮಡದಿ ಶೌಕತ್‌ಳ ಆತ್ಮಕ್ಕಾಗಿ.'

"ನಾಳೆ ಸಂಜೆ ಹಾಜ್ ಆಗಾ ಬಂದು ವಕ್ಫಿನ ಮಾತು ಹೇಳ್ತಾರೆ. ಚಿಕ್ಕಮ್ಮಂದಿರು, ಅತ್ತೆಯಂದಿರು ಎಲ್ಲಾ ಬರ್ತಾರೆ. ಹಲ್ವಾ ನಾನೇ ಮಾಡ್ತೀನಿ. ನೀನು ಕ್ಷೌರ ಮಾಡ್ಸ್ಕೊಂಡು ಬಾ, ಅಷ್ಟು ಸಾಕು" ಎಂದು ಅವನ ಕೈಗೆ ಬೀಗದ ಕೈ ತುರುಕಿ ಹೋದಳು.

ಬೆಮಾನಲಿ ಆ ಸೈಕಲ್ಲಿನ ಎದುರು ಸ್ಟೂಲು ಹಾಕಿಕೊಂಡು ಕೂತ. ಚಂದದ ಸೈಕಲ್ಲು. ಬಜಾರಿನ ಕೆಲಸಗಾರನ ಕಣ್ಣಿಗೆ ಅದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ. ಅದರ ಹಿಂದೆ ಗೋಡೆಯುದ್ದಕ್ಕೂ ಹಾಜಿ, ಮಿರ್ಜಾ, ಅವರ ಇವರ ಅಮ್ಮ, ಅಜ್ಜ, ಎಲ್ಲ ತಲೆ ವಾಲಿಸಿಕೊಂಡು ನಿಂತಿದ್ದರು. ನಾಳೆ ಮಾತು ಹೇಳಿದರೆ ಮುಗಿಯಿತು, ಇದು ಎಂದೆಂದಿಗೂ ಇಲ್ಲಿಯದೇ. ಇವತ್ತು ಇನ್ನೂ ಬರೀ ಸೈಕಲ್ಲು. ಈ ಯೋಚನೆ ಬಂದದ್ದೇ ಅವನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಮಗಳ ವಸ್ತು, ಮಗಳ ಬೆವರು, ಕೇಳದೆ ಮುಟ್ಟಬಾರದು ಎಂಬುದು ಅವನಿಗೆ ಗೊತ್ತಿತ್ತು. ಕೇಳಿದರೆ ಅವಳು ಬೇಡ ಎನ್ನುತ್ತಾಳೆ ಎಂಬುದೂ ಗೊತ್ತಿತ್ತು. ಇಷ್ಟು ದಿನದ ಸಿಟ್ಟೆಲ್ಲ ಸೇರಿ ಅವನನ್ನು ಎಬ್ಬಿಸಿತು. ಹಿತ್ತಾಳೆ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಸೈಕಲ್ಲು ಹತ್ತಿ, ಬಿಸಿಲು ಇಳಿಯುವುದರೊಳಗೆ ಬಜಾರಿಗೆ ಹೊಡೆದ.

ಗುರುವಾರ ಸಂಜೆ ಶೌಕತ್‌ಳ ಕಡೆಯವರೆಲ್ಲ ಕಪ್ಪು ಚಾದರ ಹೊದ್ದು, ಹಲ್ವಾ, ಖರ್ಜೂರ ಹಿಡಿದು ಚಪ್ಪರದ ಕೆಳಗೆ ಸೇರಿದರು. ತಂತಮ್ಮ ಸೈಕಲ್ಲು ನೋಡಲು ಬಂದಿದ್ದ ಅತಾವುಲ್ಲಾ, ಕೊಕಬ್ ಖಾನಂ ಕೂಡ ಹಲ್ವಾದ ವಾಸನೆಗೆ ಹತ್ತಿರ ಬಂದರು. ಹಾಜ್ ಆಗಾ ಬಂದ. ರೆಜ್ವಾನ್ ಸುತ್ತ ನೋಡಿದಳು. ನೀಲಿ ಸೈಕಲ್ಲು ಎಲ್ಲೂ ಇಲ್ಲ. ಚಪ್ಪರದ ನಡುವೆ ಬಿಳಿ ಬಟ್ಟೆ ಹೊದಿಸಿದ ಏನೋ ಒಂದು ನೆಟ್ಟಗೆ ನಿಂತಿತ್ತು.

"ಅಪ್ಪಾ, ಸೈಕಲ್ ಎಲ್ಲಿ?"

ಕ್ಷೌರ ಮಾಡಿಸಿಕೊಂಡು ಬಂದಿದ್ದ ಬೆಮಾನಲಿ ಬಟ್ಟೆ ಎಳೆದ. ಸೊಂಟದೆತ್ತರದ, ಎರಡು ಕೊಳವೆಯ, ಕರಿ ಕಬ್ಬಿಣದ ಪಂಪು. ಕಾಲಿಗೆ ನಾಲ್ಕು ಬೋಲ್ಟು, ಪಕ್ಕದಲ್ಲಿ ಒಂದು ಡಬ್ಬಿ ತೇಪೆ, ಟ್ಯೂಬಿನ ಸುರುಳಿ. ಕೊಳವೆಯ ಎದೆಗೆ ತಂತಿಯಿಂದ ಬಿಗಿದ ಹಿತ್ತಾಳೆ ಪಟ್ಟಿ. ಸೈಕಲ್ಲಿಗೆಂದು ಬಗ್ಗಿಸಿದ್ದು, ಇಲ್ಲಿ ಸರಿಯಾಗಿ ಕೂರದೆ ಒಂದು ಕಡೆ ಎದ್ದು ನಿಂತಿತ್ತು.

ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ರೆಜ್ವಾನ್‌ಳ ಮುಖ ಮೊದಲು ಬಿಳುಪಾಗಿ ಆಮೇಲೆ ಕೆಂಪಾಯಿತು.

"ಮಾರ್ಬಿಟ್ಯಾ? ನನ್ನಮ್ಮನ ಸೈಕಲ್ ಮಾರಿ ಈ... ಈ ಕಬ್ಬಿಣದ ಗೂಟ ತಂದು ನೆಟ್ಟಿದ್ದೀಯಾ? ಇದನ್ನ ಕಾಲಲ್ಲಿ ಒತ್ತಿ ಹಿಡೀತಾರೆ ಅಪ್ಪಾ! ನನ್ನಮ್ಮನ ಹೆಸರನ್ನ ಕಾಲಡಿಗೆ ಹಾಕ್ದೆ!"

"ಕಾಲಡಿಗಲ್ಲ. ಬೋಲ್ಟ್ ಹಾಕಿದ್ದೀನಿ, ಒತ್ತಿ ಹಿಡಿಯೋ ಹಾಗೇ ಇಲ್ಲ. ಹೆಸರು ಎದೆ ಮೇಲಿದೆ."

"ಬೇರೆಯವರ ಅಮ್ಮಂದಿರೆಲ್ಲ ಸೈಕಲ್ಲು. ನನ್ನಮ್ಮ ಪಂಪು!" ಅವಳು ಹೆಂಗಸರ ಗುಂಪಿನ ಕಡೆ ಕೈ ತೋರಿಸಿದಳು. "ಊರೆಲ್ಲ ನಗುತ್ತೆ."

ಊರು ಆಗಲೇ ನಗತೊಡಗಿತ್ತು. ಅತಾವುಲ್ಲಾ ಗಡ್ಡ ನೀವಿಕೊಂಡು, "ಹಾಜ್ ಆಗಾ, ಒಂದು ಸಂದೇಹ. ವಕ್ಫ್ ಅಂದ್ರೆ ವಸ್ತು ಉಳೀಬೇಕು ಅಲ್ವಾ? ಗಾಳಿ ಉಳಿಯುತ್ತಾ? ಸಂಜೆಗೆ ಹೋಗ್ಬಿಡುತ್ತೆ" ಎಂದ.

"ವಕ್ಫ್ ಆಗ್ತಿರೋದು ಪಂಪು, ಗಾಳಿ ಅಲ್ಲ" ಎಂದ ಹಾಜ್ ಆಗಾ, ಈ ಚಪ್ಪರದ ನ್ಯಾಯಗಳಿಂದ ಅವನೂ ರೋಸಿಹೋಗಿದ್ದ. "ಆದ್ರೆ ದುಡ್ಡು ಮಗಳದ್ದು. ಅವಳು ಒಪ್ಪದೆ ನಾನು ಬಾಯಿ ತೆರೆಯಲ್ಲ."

ಎಲ್ಲರೂ ರೆಜ್ವಾನ್ ಕಡೆ ತಿರುಗಿದರು. ಅವಳು ಬೆನ್ನು ತಿರುಗಿಸಿ ನಿಂತಳು. ಪಂಪಿನ ಆಸೆಗೆ ಮಗಳನ್ನು ಕಳೆದುಕೊಂಡೆನೇ ಎನ್ನಿಸಿ, ಅಷ್ಟು ಹೊತ್ತು ಸೆಟೆದು ನಿಂತಿದ್ದ ಬೆಮಾನಲಿಯ ಹೆಗಲು ಇಳಿಯಿತು.

ಆಗಲೇ ಪರಸ್ತೂ ಬಂದಳು. ಅವಳಿಗೆ ಇಲ್ಲಿ ನಡೆಯುತ್ತಿದ್ದದ್ದೇನೂ ತಿಳಿಯದು. ಆಸ್ಪತ್ರೆಯಲ್ಲಿ ಸಂಜೆಯ ಪಾಳಿ, ತಡವಾಗಿತ್ತು. "ಅಮೂ, ಯಾವುದಾದ್ರೂ ಒಂದು ಓಡೋದಿದ್ರೆ..." ಎಂದವಳು ಪಂಪು ಕಂಡು, "ಅಯ್ಯೋ, ಬಂತಾ!" ಎಂದು ಮಗುವಿನಂತೆ ಕುಣಿದಳು. ಹಾಜಿ ಖಲೀಲನಿಗೆ ಬೆಮಾನಲಿ ಬೆಳಿಗ್ಗೆಯೇ ಹೊಸ ಟ್ಯೂಬು ಹಾಕಿಟ್ಟಿದ್ದ. ಏನು ಮಾಡುವುದೆಂದು ತೋಚದೆ ಅವನು ಅದನ್ನು ಎಳೆದು ತಂದು, ನಳಿಕೆ ಸಿಕ್ಕಿಸಿ, ಪಂಪಿನ ಹಿಡಿ ಒತ್ತಿದ. ಫೂ... ಫೂ... ನಾಲ್ಕೇ ಒತ್ತಿಗೆ ಟೈರು ಕಲ್ಲಿನಂತಾಯಿತು. ಹುಡುಗಿ ಪಂಪಿನ ಹೆಸರು ಓದಿ ಶೌಕತ್‌ಗೆ ಒಂದು ಫಾತಿಹಾ, ಸೈಕಲ್ಲಿನ ಹೆಸರು ಓದಿ ಹಾಜಿಗೆ ಒಂದು ಫಾತಿಹಾ ಮುಗಿಸಿ, ಪೆಡಲಿನ ಮೇಲೆ ಕಾಲಿಟ್ಟಳು.

ರೆಜ್ವಾನ್ ತಿರುಗಿದ್ದಳು. ಕಣ್ಣಲ್ಲಿ ನೀರು, ಮುಖದಲ್ಲಿ ಇನ್ನೂ ಬೆಂಕಿ. ಆದರೆ ಕತ್ತಲಾಗುವ ಹೊತ್ತಿಗೆ ಹೆಣ್ಣುಮಗಳೊಬ್ಬಳು ರಸ್ತೆಗೆ ಹೊರಟು ನಿಂತಿದ್ದಾಳೆ. ಅಮ್ಮನನ್ನು ನೋಡಿ ಬೆಳೆದವಳು ಅವಳು. ತನಗೇ ಅರಿವಿಲ್ಲದೆ ತುಟಿ ಅಲ್ಲಾಡಿಸಿ, ಹುಡುಗಿಯ ತಲೆಯಿಂದ ಚಕ್ರದವರೆಗೆ ಫೂ ಎಂದು ಊದಿದಳು.

ಊದಿದವಳು ಹಾಗೇ ನಿಂತಳು. ಪಂಪನ್ನು ನೋಡಿದಳು. ಅಪ್ಪನನ್ನು ನೋಡಿದಳು. ಬೆಮಾನಲಿ ಪಂಪಿನ ಹಿಡಿಯಿಂದ ಕೈ ತೆಗೆಯದೆ ಬಾಯಿ ತೆರೆದುಕೊಂಡು ನಿಂತಿದ್ದ. ದೇವರಾಣೆಗೂ ಅವನಿಗೆ ಇದು ಹೊಳೆದಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಪಂಪು, ಅಷ್ಟೇ.

"ಇನ್ನೊಂದ್ಸಲ ಹೊಡಿ" ಎಂದಳು ರೆಜ್ವಾನ್.

"ಸೈಕಲ್ ಹೋಯ್ತಲ್ಲೇ."

"ಸುಮ್ನೆ ಹೊಡಿ ಅಪ್ಪಾ."

ಅವನು ಬರಿ ಗಾಳಿಗೇ ಹೊಡೆದ. ಫೂ... ರೆಜ್ವಾನ್ ಚಾದರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಶೌಕತ್‌ಳ ತಂಗಿಯರೂ ಅತ್ತರು. ಹಲ್ವಾಕ್ಕೆ ಬಂದಿದ್ದ ಕೊಕಬ್ ಖಾನಂ ಕೂಡ, ಯಾಕೆಂದು ತಿಳಿಯದೆ, ಒಂದಿಷ್ಟು ಅತ್ತಳು.

"ಕೇಳಬಹುದಿತ್ತು ನನ್ನ" ಎಂದಳು ರೆಜ್ವಾನ್ ಮೂಗು ಒರೆಸಿಕೊಂಡು.

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ. ಆದ್ರೂ ಕೇಳಬಹುದಿತ್ತು." ಹಾಜ್ ಆಗಾನ ಕಡೆ ತಿರುಗಿ, "ಹೇಳಿ ಹಾಜ್ ಆಗಾ, ಮಾತು ಹೇಳಿ. ತಡ ಆಗ್ತಿದೆ, ಹಲ್ವಾ ಗಟ್ಟಿಯಾಗುತ್ತೆ" ಎಂದಳು. ಹಾಗೆ ಆ ಪಂಪು ವಕ್ಫ್ ಆಯಿತು.

ವಾರ ಕಳೆಯುವುದರೊಳಗೆ ಗೋಡೆಗೆ ಒರಗಿದ್ದವರೆಲ್ಲ ಎದ್ದರು. ಬೆಳಿಗ್ಗೆ ಚಪ್ಪರದ ಮುಂದೆ ಸಾಲು. ಯಾರ ಸೈಕಲ್ಲು ಹತ್ತುವವನೂ ಮೊದಲು ಶೌಕತ್‌ಳ ಹತ್ತಿರ ಬಂದು ಗಾಳಿ ಹೊಡೆಸಿಕೊಳ್ಳಲೇಬೇಕು, ಒಂದು ಫಾತಿಹಾ ಓದಲೇಬೇಕು. ಬೆಮಾನಲಿ ಪಕ್ಕದಲ್ಲಿ ನಿಂತು ಕಿವಿಗೊಟ್ಟು ಕೇಳುತ್ತಿದ್ದ. "ಏಯ್, ನುಂಗಬೇಡ, ಪೂರ್ತಿ ಓದು!" ಎಂದು ಹುಡುಗರನ್ನು ಗದರುತ್ತಿದ್ದ. ತಾನು ಅತಾವುಲ್ಲಾನಿಗಿಂತ ಕಡೆಯಾದೆ ಎಂದು ತಿಳಿದಿದ್ದರೂ ಗದರುವುದನ್ನು ಬಿಡಲಿಲ್ಲ.

ಈ ಸಾಲನ್ನು ಅತಾವುಲ್ಲಾ ನೋಡಿದ. ಕೊಕಬ್ ಖಾನಂ ನೋಡಿದಳು. ಒಂದು ಸೈಕಲ್ಲಿಗೆ ಒಬ್ಬನ ಫಾತಿಹಾ, ಪಂಪಿಗೆ ಎಲ್ಲರದೂ! ಮುಂದಿನ ಗುರುವಾರ ಹಾಜಿ ಖಲೀಲನ ಹೆಸರಿನ ಪಂಪು ಬಂತು, ಶೌಕತ್‌ಳದಕ್ಕಿಂತ ಒಂದು ಗೇಣು ಎತ್ತರ. ಅದರ ಹಿಂದೆಯೇ ಮಿರ್ಜಾ ನಸ್ರುಲ್ಲಾನದು, ಹಸಿರು ಬಣ್ಣ ಬಳಿದದ್ದು. ಅದರ ಹಿಂದೆ ಇನ್ನೂ ಮೂರು ಮನೆಯವರು ಪಂಪು ಹೊತ್ತು ಬರುತ್ತಿದ್ದರು.

"ತೇಪೆ!" ಎಂದು ಬೆಮಾನಲಿ ಎರಡೂ ಕೈ ತಲೆಯ ಮೇಲೆ ಹೊತ್ತು ಕೂಗಿದ. "ಪಂಪು ಬೇಡ್ರೋ, ತೇಪೆ ಮುಗಿದಿದೆ! ಒಂದು ಡಬ್ಬಿ ಸೊಲ್ಯೂಷನ್ ಕೊಡ್ರೋ ಯಾರಾದ್ರೂ!"

"ಸೊಲ್ಯೂಷನ್ ಡಬ್ಬಿ ಮೇಲೆ ಹೆಸರು ಎಲ್ಲಯ್ಯ ಕೆತ್ತಿಸೋದು?" ಎಂದ ಅತಾವುಲ್ಲಾ, ಪಂಪಿಗೆ ನೆಲದಲ್ಲಿ ಜಾಗ ಅಳೆಯುತ್ತ.

ಎಲ್ಲರೂ ಹೋದ ಮೇಲೆ ಬೆಮಾನಲಿ ಗೊಣಗುತ್ತಲೇ ಬೀಗ ಹಾಕಿ, ತನ್ನ ಹಳೇ ಸೈಕಲ್ಲನ್ನು ಹೊರಗೆ ತಂದ. ಟೈರು ಒತ್ತಿ ನೋಡಿದ. ಗಟ್ಟಿಯಾಗಿತ್ತು, ಗಾಳಿ ಬೇಕಿರಲಿಲ್ಲ. ಆದರೂ ಶೌಕತ್‌ಳ ಪಂಪಿನ ಹತ್ತಿರ ತಂದು ನಿಲ್ಲಿಸಿ, ನಳಿಕೆಯನ್ನು ಎಲ್ಲಿಗೂ ಸಿಕ್ಕಿಸದೆ ತನ್ನ ಕಡೆಗೇ ತಿರುಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಯನ್ನು ಜೋರಾಗಿ ಒತ್ತಿದ. ಗಾಳಿ ಮುಖಕ್ಕೆ ಬಡಿಯಿತು.

"ಸಾಕು ಬಿಡೇ, ಟೋಪಿ ಹಾರಿ ಹೋದೀತು" ಎಂದು ಸಿಡುಕಿ, ಸೈಕಲ್ಲು ಹತ್ತಿ ಮನೆಗೆ ಹೊರಟ.